ಶಸ್ತ್ರಾಭ್ಯಾಸದ ಕಾಲ

‘ಯುದ್ಧಕಾಲೇ ಶಸ್ತ್ರಾಭ್ಯಾಸ’ ಎಂಬ ಮಾತನ್ನು ನಮ್ಮಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ತೆರೆಯುವ ವಿದ್ಯಾರ್ಥಿಗೇ ಹೆಚ್ಚಾಗಿ ಹೇಳುತ್ತೇವೆ. ತರಗತಿಯಲ್ಲಿ ನಾನೂ ಅದನ್ನು ಹಲವು ಸಲ ಆಡಿದ್ದುಂಟು. ಆದರೆ ಅದನ್ನು ಮೊದಲು ಕೇಳಿಸಿಕೊಳ್ಳಬೇಕಾದವು ಸರ್ಕಾರಗಳು. ರಾಷ್ಟ್ರಕ್ಕೆ ವಿಪತ್ತು ಬಂದೆರಗಿದಾಗ ಯಾವ ಕಾರ್ಖಾನೆ ಏನನ್ನು ತಯಾರಿಸಬೇಕು, ಕಚ್ಚಾವಸ್ತು ಎಲ್ಲಿಂದ ಬರಬೇಕು, ಸಿದ್ಧವಾದ ಸರಕನ್ನು ಯಾರು, ಯಾವುದರಲ್ಲಿ ಸಾಗಿಸಬೇಕು ಎಂಬುದನ್ನು ಶಾಂತಿಕಾಲದಲ್ಲಿಯೇ ಗೊತ್ತುಮಾಡಿ, ಒಮ್ಮೆ ತಾಲೀಮು ನಡೆಸಿ ನೋಡುವುದು ರಾಜ್ಯಾಡಳಿತದ ಮುಖ್ಯ ಕರ್ತವ್ಯಗಳಲ್ಲೊಂದು.

ಈ ವಿದ್ಯೆಯನ್ನು ಅಮೆರಿಕವು ಪೆಟ್ಟು ತಿಂದು ಕಲಿಯಿತು. 1917ರಲ್ಲಿ ಅದು ಮೊದಲನೆಯ ಮಹಾಯುದ್ಧಕ್ಕಿಳಿದಾಗ ಕಾರ್ಖಾನೆಗಳಿಗೇನೂ ಕೊರತೆಯಿರಲಿಲ್ಲ; ಆದರೂ ಅದರ ಸೈನಿಕರು ಹೆಚ್ಚಾಗಿ ಫ್ರಾನ್ಸಿನ ಫಿರಂಗಿಗಳನ್ನೂ ವಿಮಾನಗಳನ್ನೂ ನೆಚ್ಚಿ ಹೋರಾಡಬೇಕಾಯಿತು. ಸ್ವದೇಶದ ಕಾರ್ಖಾನೆಗಳು ಯುದ್ಧಸಾಮಗ್ರಿಯತ್ತ ಪೂರ್ತಿಯಾಗಿ ಹೊರಳುವಷ್ಟರಲ್ಲಿ ಯುದ್ಧವೇ ಮುಗಿದಿತ್ತು. ಆ ಅನುಭವದ ಫಲವಾಗಿ 1924ರಲ್ಲಿ ವಾಷಿಂಗ್ಟನ್ನಿನಲ್ಲಿ ಸೈನ್ಯದ ಕೈಗಾರಿಕಾ ಕಾಲೇಜು ಹುಟ್ಟಿತು. 1930ರಲ್ಲಿ, ಯುದ್ಧ ಬಂದರೆ ಕೈಗಾರಿಕೆಗಳನ್ನು ಅಣಿಗೊಳಿಸುವ ಯೋಜನೆಯೊಂದು ಸಿದ್ಧವಾಯಿತು. ಅದನ್ನು ಬರೆದವರಲ್ಲಿ ಪ್ರಮುಖರು, ಆಗ ಮೇಜರ್ ಆಗಿದ್ದ ಐಸೆನ್‌ಹೋವರ್. ಮುಂದೆ ಎರಡನೆಯ ಮಹಾಯುದ್ಧ ಬಂದಾಗ ಅಧ್ಯಕ್ಷ ರೂಸ್‌ವೆಲ್ಟರು, ಅಷ್ಟರಲ್ಲಿ ಹಲವು ಸಲ ಪರಿಷ್ಕೃತವಾಗಿದ್ದ ಆ ಯೋಜನೆಯನ್ನು ಇದ್ದಂತೆಯೇ ಅಂಗೀಕರಿಸಲಿಲ್ಲ. 1957ರಲ್ಲಿ, ತಾವೇ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್, ವಿಪತ್ಕಾಲದಲ್ಲಿ ಸರ್ಕಾರಕ್ಕೆ ನೆರವಾಗಲೆಂದು ಗೊತ್ತುಮಾಡಿದ್ದ ಉದ್ಯಮಿಗಳ ಸಭೆಯಲ್ಲಿ, ಯೋಜನೆಯ ಕಾಗದಕ್ಕೆ ಬೆಲೆಯಿಲ್ಲ, ಯೋಜಿಸುವ ಕೆಲಸಕ್ಕೇ ಬೆಲೆಯೆಲ್ಲ ಎಂಬರ್ಥದ ಮಾತನ್ನಾಡಿದರು. ವಿಪತ್ತು ನಾವು ಬರೆದಿಟ್ಟಂತೆ ಬರುವುದಿಲ್ಲ. ಆದರೆ ಮುಂದಾಲೋಚನೆಯಲ್ಲಿ ಪಳಗಿದವರು ದಿಕ್ಕೆಡುವುದಿಲ್ಲ ಎಂಬುದು ಅದರ ತಾತ್ಪರ್ಯ.

ಮಾತು ನಿಜ, ಆದರೆ ಅರ್ಧ ನಿಜವೆಂದು ನನ್ನ ಭಾವನೆ. 2019ರಲ್ಲಿ ಅದೇ ದೇಶದ ಆರೋಗ್ಯ ಇಲಾಖೆ ‘ಕ್ರಿಮ್ಸನ್ ಕಂಟೇಜಿಯನ್’ ಎಂಬ ತಾಲೀಮನ್ನು ತಿಂಗಳುಗಟ್ಟಲೆ ನಡೆಸಿತು. ಚೀನದಲ್ಲಿ ತಲೆದೋರಿದ ಸೋಂಕುಜ್ವರವೊಂದು ಅಮೆರಿಕಕ್ಕೂ ಹಬ್ಬಿತೆಂಬುದು ಅದರ ಕಲ್ಪನೆ. ಮುಖಗವಸು, ಸಿರಿಂಜು, ರಕ್ಷಣಾ ಉಡುಪುಗಳನ್ನು ಬೇಕಾದಷ್ಟು ತಯಾರಿಸುವ ಶಕ್ತಿ ದೇಶದೊಳಗಿಲ್ಲವೆಂದು ಅಕ್ಟೋಬರಿನಲ್ಲಿ ಸಿದ್ಧವಾದ ಕರಡು ವರದಿ ಹೇಳಿತು. ಕೆಲವೇ ತಿಂಗಳಲ್ಲಿ ಕೋವಿಡ್ ಬಂದಿತು. ವೈದ್ಯರೂ ದಾದಿಯರೂ ಮುಖಗವಸಿಗಾಗಿ ಪರದಾಡಿದರು. ನಡುವೆ ಇದ್ದ ಕಾಲಾವಕಾಶ ಅಲ್ಪವೆಂಬುದನ್ನು ಒಪ್ಪೋಣ. ಆದರೂ, ಅಭ್ಯಾಸವೊಂದೇ ಸಾಲದು, ಅದರಲ್ಲಿ ಕಂಡ ಕೊರತೆ ತುಂಬಬೇಕು ಎಂಬ ಪಾಠ ಇಲ್ಲಿದೆ.

ಪರದೇಶದ ಕಥೆಯೆಂದು ನಾವು ನಿರಾಳವಾಗಿರುವಂತಿಲ್ಲ. 2020ರಲ್ಲಿ ಮೈಸೂರಿನ ಸ್ಕ್ಯಾನ್‌ರೇ ಸಂಸ್ಥೆಯ ವಿನ್ಯಾಸವನ್ನು ಆಧರಿಸಿ, ಸೈನ್ಯದ ಉಪಕರಣ ತಯಾರಿಸುವ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 30,000 ವೆಂಟಿಲೇಟರುಗಳನ್ನು ನಿರ್ಮಿಸಿಕೊಟ್ಟಿತು. ಹೆಮ್ಮೆಯ ಕಾರ್ಯವೇ ಸರಿ. ಆದರೆ ಯಂತ್ರವಿದ್ದರೂ ಆಮ್ಲಜನಕವಿಲ್ಲದೆ ಉಸಿರು ನಿಲ್ಲದು. 2021ರ ಮೇ ಆರಂಭದಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಅಭಾವದಿಂದ ರೋಗಿಗಳು ಪ್ರಾಣಬಿಟ್ಟರು. ಇದೇ ರಾಜ್ಯದ ಬಳ್ಳಾರಿ ಜಿಲ್ಲೆಯ ಉಕ್ಕಿನ ಕಾರ್ಖಾನೆಯಲ್ಲಿ ಆಮ್ಲಜನಕ ಉತ್ಪಾದನೆಯಾಗುತ್ತಿತ್ತು! ದೇಶದಲ್ಲೆಲ್ಲ ಅಂದು ಉತ್ಪಾದನೆಗಿಂತಲೂ ಸಾಗಣೆಯ ಟ್ಯಾಂಕರು, ಸಿಲಿಂಡರುಗಳದೇ ದೊಡ್ಡ ತೊಡಕಾಯಿತು. ಎಲ್ಲಿದೆ, ಎಷ್ಟಿದೆ, ಯಾವುದರಲ್ಲಿ ತರಬೇಕು ಎಂಬ ಮೂರು ಪ್ರಶ್ನೆಗಳಿಗೆ ಶಾಂತಿಕಾಲದಲ್ಲಿ ಉತ್ತರ ಹುಡುಕಿದ್ದರೆ, ಎಷ್ಟು ಮನೆಗಳ ದೀಪ ಉಳಿಯುತ್ತಿತ್ತೋ!

ಆದುದರಿಂದ, ಇಂಥ ತಾಲೀಮು ನಡೆದಾಗಲೆಲ್ಲ, ರಕ್ಷಣೆಯ ದೃಷ್ಟಿಯಿಂದ ಗುಟ್ಟಾಗಿಡಬೇಕಾದುದನ್ನುಳಿದು ಮಿಕ್ಕ ವರದಿಯನ್ನು ಶಾಸನಸಭೆಯ ಮುಂದಿಡಬೇಕು. ಕಂಡುಬಂದ ಪ್ರತಿಯೊಂದು ಕೊರತೆಯ ಎದುರಿಗೂ ಅದನ್ನು ತುಂಬತಕ್ಕ ಅಧಿಕಾರಿಯ ಹುದ್ದೆ, ತಗಲುವ ಹಣ, ಮುಗಿಯಬೇಕಾದ ದಿನಾಂಕ ಈ ಮೂರೂ ಇರಬೇಕು. ಮುಂದಿನ ತಾಲೀಮು ಹಿಂದಿನ ವರದಿಯನ್ನು ಓದುವುದರಿಂದಲೇ ಆರಂಭವಾಗಬೇಕು. ಉತ್ತರಪತ್ರಿಕೆಯಲ್ಲಿ ಗುರುತುಮಾಡಿದ ತಪ್ಪನ್ನು ತಿದ್ದಿಕೊಂಡೆಯಾ ಎಂದು ವಿದ್ಯಾರ್ಥಿಯನ್ನು ಕೇಳುವ ನಾವು, ಅದೇ ಪ್ರಶ್ನೆಯನ್ನು ಸರ್ಕಾರಕ್ಕೂ ಕೇಳುವುದು ಪ್ರಜೆಗಳ ಅಧಿಕಾರ ಮಾತ್ರವಲ್ಲ, ಧರ್ಮ.