ಬೌಲರನನ್ನು ಬಿಟ್ಟುಕೊಡುವ ಮಾತು

ಕೊಯಮತ್ತೂರಿನ ಆರ್.ಎಸ್. ಪುರಂನಲ್ಲಿ ನೆಲೆಸಿರುವ ನಮ್ಮ ಕನ್ನಡ ಮನೆಗಳಲ್ಲಿ ಬೇಸಿಗೆ ಬಂತೆಂದರೆ ಎರಡು ಪಕ್ಷ: ಮಕ್ಕಳದು ಚೆನ್ನೈ, ಹಿರಿಯರದು ಬೆಂಗಳೂರು. ಬೆಂಗಳೂರು ಸೋತಷ್ಟೂ ಮಕ್ಕಳನ್ನು ಆ ಹೆಸರಿನತ್ತ ಸೆಳೆಯುವುದು ನಮಗೆ ಕಷ್ಟ. ಆದಕಾರಣ, ಸೋಲುವ ತಂಡವು ತನ್ನ ಶ್ರೇಷ್ಠ ಬೌಲರುಗಳನ್ನು ಬಿಟ್ಟುಕೊಡಬಹುದೇ ಎಂಬುದು ನಮಗೆ ಬರಿಯ ಆಟದ ಪ್ರಶ್ನೆಯಲ್ಲ.

ಅಮೆರಿಕದ ಬೇಸ್‌ಬಾಲ್ ತಂಡಗಳು ಸೋಲಿನ ವರ್ಷದಲ್ಲಿ ಹೆಸರಾಂತ ಪಿಚರನನ್ನು ಕೊಟ್ಟು ಎಳೆಯ ಆಟಗಾರರನ್ನು ಪಡೆಯುವುದುಂಟು. ಐಪಿಎಲ್ ಹರಾಜಿಗೆ ಬಿಟ್ಟವನ ಬದಲಿಗೆ ದೊರೆಯುವುದಾದರೋ ಹಣ ಮಾತ್ರ. ಆ ಹಣಕ್ಕೆ ತಕ್ಕ ಬೌಲರ್ ಸಿಕ್ಕಿಯೇ ಸಿಗುವನೆಂಬ ಭರವಸೆಯಿಲ್ಲ.

ರಾಯಲ್ ಚಾಲೆಂಜರ್ಸ್ ತಂಡಕ್ಕೆ 139 ವಿಕೆಟ್ ಗಳಿಸಿಕೊಟ್ಟ ಯಜುವೇಂದ್ರ ಚಾಹಲರು 2022ರಲ್ಲಿ ರಾಜಸ್ಥಾನದ ಪಾಲಾದರು. ಅದೇ ವರ್ಷ 27 ವಿಕೆಟ್ ಕಿತ್ತು ಎಲ್ಲರಿಗಿಂತ ಮುಂದೆ ನಿಂತರು. 2023ರ ಕೊನೆಯಲ್ಲಿ ಬಿಟ್ಟ ಹರ್ಷಲ್ ಪಟೇಲರು ಮರುವರ್ಷ ಪಂಜಾಬಿನ ಪರವಾಗಿ 24 ವಿಕೆಟ್ ಪಡೆದು ಅದೇ ಅಗ್ರಸ್ಥಾನಕ್ಕೇರಿದರು. ಅವರೊಡನೆಯೇ ಜೋಶ್ ಹೇಜಲ್‌ವುಡ್‌ರನ್ನೂ ಬಿಟ್ಟದ್ದು ಅವಿವೇಕವೆಂದೇ ನಮ್ಮ ಅಭಿಪ್ರಾಯ.

ಬಿಡುವುದೇ ತಪ್ಪೆಂದು ನಾವು ಹೇಳೆವು. 2024ರ ನವೆಂಬರ್ ಹರಾಜಿನಲ್ಲಿ ಮಹಮ್ಮದ್ ಸಿರಾಜರು ಗುಜರಾತಿಗೆ ಹೋದರು. ಆದರೆ ಈ ಬಾರಿ ತಂಡವು ಅದೇ ಹೇಜಲ್‌ವುಡ್‌ರನ್ನು 12.50 ಕೋಟಿ ತೆತ್ತು ಮರಳಿ ಕರೆತಂದಿತು (ಬಿಟ್ಟದ್ದನ್ನೇ ಕೊಳ್ಳುವ ಸಂಸಾರಸ್ಥರು ನಮ್ಮಲ್ಲೂ ಇದ್ದಾರೆ!), ಭುವನೇಶ್ವರ ಕುಮಾರರನ್ನು 10.75 ಕೋಟಿಗೆ ಸೇರಿಸಿಕೊಂಡಿತು. ಹೇಜಲ್‌ವುಡ್ 22 ವಿಕೆಟ್ ಪಡೆದರು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನುಗಳಿಂದ ಸೋಲಿಸಿ, 2008ರಿಂದ ಕಾದಿದ್ದ ಪ್ರಶಸ್ತಿಯನ್ನು ಬೆಂಗಳೂರು ಗೆದ್ದಿತು. ಅಂದು ಕನ್ನಡಿಗ ಮಯಾಂಕ್ ಅಗರವಾಲರ ವಿಕೆಟ್ ಕಿತ್ತವರು ಪಂಜಾಬಿನ ಚಾಹಲರೇ.