ವೀಸಾಕ್ಕೆ ಮೊದಲೇ ನಾಯಿಯ ರಕ್ತಪರೀಕ್ಷೆ

ಕಾಸರಗೋಡಿನ ನಮ್ಮ ಮನೆಗಳಿಂದ ಬ್ರಿಟನ್ನಿಗೆ ಕೆಲಸಕ್ಕೆ ಹೊರಡುವವರು ಸಾಕುನಾಯಿಯ ವಿಚಾರವನ್ನು ಕೊನೆಗೆ ಇಡುತ್ತಾರೆ. ತೊಡಕು ಅಲ್ಲೇ. ಭಾರತದಿಂದ ಹೋಗುವ ನಾಯಿಗೆ ಮೊದಲು ಮೈಕ್ರೋಚಿಪ್, ಅನಂತರ ರೇಬೀಸ್ ಲಸಿಕೆ, ಕನಿಷ್ಠ 30 ದಿನ ಕಳೆದು ರಕ್ತಪರೀಕ್ಷೆ, ರಕ್ತ ತೆಗೆದ ಮೇಲೆ 3 ತಿಂಗಳು ಕಾಯಬೇಕು. ಚಿಪ್ಪಿಗೆ ಮೊದಲು ಹಾಕಿಸಿದ ಲಸಿಕೆ ಲೆಕ್ಕಕ್ಕಿಲ್ಲ. ಅಮೆರಿಕವೂ 2024ರ ಆಗಸ್ಟ್ 1ರಿಂದ ನಿಯಮ ಬಿಗಿಮಾಡಿದೆ.

ನಮ್ಮ ಬೀದಿಗಳಲ್ಲಿ ರೇಬೀಸ್ ಹತೋಟಿಗೆ ಬಾರದ್ದರ ಬೆಲೆಯನ್ನು ಲಸಿಕೆ ಪಡೆದ ಮನೆನಾಯಿಯೂ ತೆರುತ್ತಿದೆ. ಆದ್ದರಿಂದ ಬೀದಿನಾಯಿಗಳ ಲಸಿಕೆಯನ್ನು ಪಂಚಾಯತಿನಲ್ಲಿ ಕೇಳಿ ಮಾಡಿಸೋಣ. ಹೊರಡುವ ಯೋಚನೆಯಿದ್ದವರು ಈಗಲೇ ಪಶುವೈದ್ಯರನ್ನು ಕಾಣಿ. ಸಮಯ ಸಾಲದಿದ್ದರೆ ನಂಬಿಕೆಯ ಮನೆ ಹುಡುಕಿ. ಬೀದಿಗೆ ಬಿಟ್ಟು ಹೋಗುವುದು ಬೇಡ.