ಕಿವಿಯ ಒಳಗೋ, ಕಿವಿಯ ಮೇಲೋ?

ಒಂದೇ ಬೆಲೆಗೆ ಎರಡು ಬಗೆಯ ಪದಾರ್ಥ ಸಿಗುವಾಗ ಯಾವುದನ್ನು ಕೊಳ್ಳಬೇಕೆಂದು ಅಂಗಡಿಯವರನ್ನು ಕೇಳುವುದು ವಾಡಿಕೆ. ಹೆಡ್‌ಫೋನಿನ ವಿಷಯದಲ್ಲಿ ಈಗ ತಂದೆತಾಯಂದಿರು ವೈದ್ಯರನ್ನೂ ಕೇಳತೊಡಗಿದ್ದಾರೆ. ಒಳ್ಳೆಯದೇ ಆಯಿತು. ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಕಿವಿಯ ರಂಧ್ರದೊಳಗೆ ಬಿರಡೆಯಂತೆ ಕೂರುವ 'ಇನ್-ಇಯರ್ ಮಾನಿಟರ್' ಸಿಗುತ್ತದೆ. ಹೆಚ್ಚುಕಡಿಮೆ ಅದೇ ದುಡ್ಡಿಗೆ ಇಡೀ ಕಿವಿಯನ್ನು ಬಟ್ಟಲಿನಂತೆ ಮುಚ್ಚುವ ದೊಡ್ಡ ಹೆಡ್‌ಫೋನೂ ಸಿಗುತ್ತದೆ. ನಾದ ಯಾವುದರಲ್ಲಿ ಚೆನ್ನ ಎಂಬುದನ್ನು ಸಂಗೀತ ಬಲ್ಲವರಿಗೆ ಬಿಡೋಣ. ಕಿವಿಗೆ ಯಾವುದು ಮೇಲು ಎಂಬ ಪ್ರಶ್ನೆಗೆ ಮಾತ್ರ, ನೀವು ಅದನ್ನು ಎಲ್ಲಿ ಕುಳಿತು ಕೇಳುತ್ತೀರಿ ಎಂದು ತಿಳಿಯದೆ ಉತ್ತರ ಹೇಳುವಂತಿಲ್ಲ.

ಮೊದಲು ಒಂದು ತಪ್ಪು ಕಲ್ಪನೆಯನ್ನು ದೂರ ಮಾಡಬೇಕು. ಒಳಗೆ ತೂರಿಸುವುದು ಕಿವಿಯ ತಮಟೆಗೆ ಹತ್ತಿರವಿರುವುದರಿಂದ ಅದು ಹಾನಿಕರ, ಹೊರಗಿರುವುದು ನಿರಪಾಯಕರ ಎಂದು ಬಹಳ ಜನ ನಂಬಿದ್ದಾರೆ. ಕಿವಿಗೆ ಅಂತರದ ಲೆಕ್ಕ ಗೊತ್ತಿಲ್ಲ. ತಮಟೆಯನ್ನು ತಲಪಿದ ಶಬ್ದ ಎಷ್ಟು ಜೋರು, ಎಷ್ಟು ಹೊತ್ತು ಎಂಬುದಷ್ಟೇ ಅದಕ್ಕೆ ಗೊತ್ತು. ಒಳಗಿವಿಯ ಶಂಖದಲ್ಲಿ ಹದಿನೈದು ಸಾವಿರದಷ್ಟು ಸೂಕ್ಷ್ಮ ರೋಮಕೋಶಗಳಿವೆ. ಹುಟ್ಟುವಾಗ ಪಡೆದು ಬಂದದ್ದು ಅಷ್ಟೇ. ಸತ್ತವು ಮತ್ತೆ ಚಿಗುರುವುದಿಲ್ಲ. ತಲೆಗೂದಲು ಉದುರಿದರೆ ಎಣ್ಣೆ, ಲೇಹ್ಯ ಎಂದು ಓಡುವ ನಾವು ಈ ಕೋಶಗಳು ಉದುರುವುದನ್ನು ಗಮನಿಸುವುದೂ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜೊತೆ ಸೇರಿ 2019ರಲ್ಲಿ ಪ್ರಕಟಿಸಿದ ಮಾನದಂಡದಲ್ಲಿ ದೊಡ್ಡವರಿಗೆ ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ ಎಂದು ಮಿತಿ ಹಾಕಿದೆ. ಮಕ್ಕಳಿಗೆ 75 ಡೆಸಿಬೆಲ್. ಇದರಲ್ಲಿ ನೆನಪಿಡಬೇಕಾದ ಅಂಶ ಬೇರೆಯೇ ಇದೆ. ಶಬ್ದ ಮೂರು ಡೆಸಿಬೆಲ್ ಏರಿದಾಗಲೆಲ್ಲ ಅವಧಿ ಅರ್ಧಕ್ಕೆ ಇಳಿಯುತ್ತದೆ. 83ಕ್ಕೆ ಇಪ್ಪತ್ತು ಗಂಟೆ, 86ಕ್ಕೆ ಹತ್ತು, 89ಕ್ಕೆ ಐದು, 92ಕ್ಕೆ ಎರಡೂವರೆ. ಇದು ವಾರದ ಲೆಕ್ಕ, ದಿನದ್ದಲ್ಲ. ಮೂರು ಡೆಸಿಬೆಲ್ ಏರಿದ್ದು ಕೇಳುವವನಿಗೆ 'ಸ್ವಲ್ಪ ಜೋರಾಯಿತು' ಎಂಬಷ್ಟೇ ಅನ್ನಿಸುತ್ತದೆ. ಅಪಾಯವಿರುವುದೇ ಅಲ್ಲಿ.

ಇನ್ನು ಮಂಡಿ ಮೊಹಲ್ಲಾಕ್ಕೆ ಬರೋಣ. ಅಶೋಕ ರಸ್ತೆ, ಇರ್ವಿನ್ ರಸ್ತೆಗಳ ಮಗ್ಗುಲಿನಲ್ಲಿ, ಅಂಗಡಿಗಳಿಗೂ ಮನೆಗಳಿಗೂ ಒಂದೇ ಗೋಡೆ ಎನ್ನುವ ಹಾಗಿರುವ ಓಣಿಗಳು. ಮೂಟೆ ಇಳಿಸುವ ಸದ್ದು, ಆಟೋ ಹಾರನ್, ಪಕ್ಕದ ಮನೆಯ ಟಿ.ವಿ., ಎದುರಿನ ಗ್ಯಾರೇಜಿನ ಸುತ್ತಿಗೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಣಿಜ್ಯ ಪ್ರದೇಶದಲ್ಲಿ ಹಗಲು 65, ವಸತಿ ಪ್ರದೇಶದಲ್ಲಿ 55 ಡೆಸಿಬೆಲ್ ಮೀರಬಾರದು. ಕೆಳಗೆ ಅಂಗಡಿ, ಮೇಲೆ ಮನೆ ಇರುವಲ್ಲಿ ಯಾವ ನಿಯಮ ಯಾರಿಗೆ ಎಂದು ಕೇಳುವುದು ವ್ಯರ್ಥ! ಒಟ್ಟಿನಲ್ಲಿ ನಮ್ಮ ಹುಡುಗರು ಹೆಡ್‌ಫೋನ್ ಹಾಕುವುದು ನಿಶ್ಶಬ್ದದಲ್ಲಲ್ಲ, ಗದ್ದಲದಲ್ಲಿ. ಗದ್ದಲದಲ್ಲಿರುವವರು ಹೊರಗಿನ ಸದ್ದಿಗಿಂತ ತಮ್ಮ ಸದ್ದು ಮೇಲಿರುವಂತೆ ವಾಲ್ಯೂಮ್ ಏರಿಸುತ್ತಾರೆ. ಇದು ಮನುಷ್ಯ ಸ್ವಭಾವ, ಬೈದು ಪ್ರಯೋಜನವಿಲ್ಲ.

ಹೊರಗೆ 75 ಡೆಸಿಬೆಲ್ ಇದೆ ಎಂದುಕೊಳ್ಳಿ. ಮೊಬೈಲಿನ ಜೊತೆ ಬರುತ್ತಿದ್ದ, ಕಿವಿಯ ಬಾಯಲ್ಲಿ ಸಡಿಲವಾಗಿ ತೂಗಾಡುವ ಹಳೆಯ ಗುಂಡಿಯಂಥ ಇಯರ್‌ಫೋನ್ ಅದರಲ್ಲಿ ಏನನ್ನೂ ತಡೆಯುವುದಿಲ್ಲ. ಪಾಠ ಸ್ಪಷ್ಟವಾಗಿ ಕೇಳಬೇಕಾದರೆ 85ರ ಮೇಲೆ ಹೋಗಲೇಬೇಕು. ಮುಚ್ಚಿದ ಬೆನ್ನಿನ ದೊಡ್ಡ ಹೆಡ್‌ಫೋನ್ ಮಾತಿನ ಸ್ತರದ ಸದ್ದನ್ನು ಹತ್ತು ಡೆಸಿಬೆಲ್‌ನ ಆಸುಪಾಸು ಕಡಿಮೆ ಮಾಡಿದರೆ, ಸರಿಯಾಗಿ ಬಿಗಿಯಾಗಿ ಕೂತ ಇನ್-ಇಯರ್ ಇಪ್ಪತ್ತು, ಕೆಲವೊಮ್ಮೆ ಅದಕ್ಕೂ ಹೆಚ್ಚು ತಡೆಯುತ್ತದೆ. ಆಗ ಒಳಗೆ ಉಳಿಯುವುದು 55. ಎಪ್ಪತ್ತರಲ್ಲಿ ಪಾಠವೂ ಕೇಳುತ್ತದೆ, ಹಾಡೂ ಕೇಳುತ್ತದೆ. ಎಂದರೆ ಜನ 'ಅಪಾಯಕರ' ಎನ್ನುವ ವಸ್ತುವೇ ಗದ್ದಲದಲ್ಲಿ ಕಿವಿಯನ್ನು ಕಾಯಬಲ್ಲದು. ಇದರಲ್ಲಿ ಆಶ್ಚರ್ಯವಿಲ್ಲ. ಗದ್ದಲವನ್ನು ಹೊರಗಿಡುವ ಈ ಬಗೆಯ ಇಯರ್‌ಫೋನನ್ನು 1991ರಲ್ಲಿ ಮೊದಲು ಮಾರುಕಟ್ಟೆಗೆ ತಂದ ಅಮೆರಿಕದ ಎಟಿಮೋಟಿಕ್ ಸಂಸ್ಥೆ ಶ್ರವಣ ಪರೀಕ್ಷೆಯ ಉಪಕರಣಗಳನ್ನು ತಯಾರಿಸುತ್ತಿದ್ದದ್ದು. ವೇದಿಕೆಯ ಅಬ್ಬರದ ನಡುವೆ ಗಾಯಕರು ತಮ್ಮ ದನಿಯನ್ನೇ ಕೇಳಿಕೊಳ್ಳಲು ಬಳಸಿದ್ದರಿಂದ 'ಮಾನಿಟರ್' ಎಂಬ ಹೆಸರು ಅಂಟಿಕೊಂಡಿತು.

ಆದರೆ 'ಸರಿಯಾಗಿ ಕೂತರೆ' ಎಂಬ ಮಾತನ್ನು ಮರೆಯಬಾರದು. ಪೆಟ್ಟಿಗೆಯಲ್ಲಿ ಮೂರು ಅಳತೆಯ ರಬ್ಬರ್ ಟೋಪಿಗಳಿರುತ್ತವೆ. ಮುಕ್ಕಾಲು ಪಾಲು ಜನ ಮೊದಲೇ ಸಿಕ್ಕಿಸಿದ್ದನ್ನೇ ಬಳಸಿ ಉಳಿದವನ್ನು ಎಸೆಯುತ್ತಾರೆ. ಅಳತೆ ತಪ್ಪಿದರೆ ಗದ್ದಲ ಒಳಗೆ ಬರುತ್ತದೆ, ಕೆಳಸ್ತರದ ನಾದ ಹೊರಗೆ ಸೋರುತ್ತದೆ. 'ಬೇಸ್ ಸಾಲದು' ಎಂದು ವಾಲ್ಯೂಮ್ ಏರುತ್ತದೆ. ಎಡ ಬಲ ಕಿವಿಗೆ ಬೇರೆ ಬೇರೆ ಅಳತೆ ಬೇಕಾಗುವುದೂ ಉಂಟು. ಇನ್ನೊಂದು ಸಂಗತಿ: ಚಿಕ್ಕ ಇಯರ್‌ಫೋನ್‌ಗಳು ಸಾಮಾನ್ಯವಾಗಿ ಸ್ವಲ್ಪ ವಿದ್ಯುತ್ತಿಗೇ ಜೋರಾಗಿ ನುಡಿಯುತ್ತವೆ. ದೊಡ್ಡದನ್ನು ಕಳಚಿ ಚಿಕ್ಕದನ್ನು ಸಿಕ್ಕಿಸುವಾಗ ಫೋನಿನ ಗೆರೆ ಅಲ್ಲೇ ಇದ್ದರೂ ಕಿವಿಗೆ ಬೀಳುವ ಏಟು ಬೇರೆಯಾಗಬಹುದು. ಮೊದಲು ತಗ್ಗಿಸಿ, ನಂತರ ಹಾಕಿಕೊಳ್ಳಿ.

ಹಾಗಾದರೆ ಎಲ್ಲರಿಗೂ ಇನ್-ಇಯರ್ ಕೊಡಿಸಿಬಿಡೋಣವೇ? ಇಲ್ಲ. ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ, ಒಳತುದಿ ಮುಚ್ಚಿದ ಓಣಿ. ಗುಗ್ಗೆ ಅಲ್ಲಿಂದ ತಾನಾಗಿಯೇ ನಿಧಾನವಾಗಿ ಹೊರಗೆ ಸರಿಯುತ್ತದೆ. ದಿನವಿಡೀ ಬಿರಡೆ ಹಾಕಿದರೆ ಆ ದಾರಿ ಕಟ್ಟುತ್ತದೆ, ಗುಗ್ಗೆ ಒಳಕ್ಕೆ ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ತೇವ ಸೇರಿದರೆ ಬೂಷ್ಟು. ಅದರ ಮೇಲೆ ನಮ್ಮವರ ಮನೆಮದ್ದು ಬೇರೆ: ಬಿಸಿ ಎಣ್ಣೆ, ಬೆಳ್ಳುಳ್ಳಿ, ಹೇರ್‌ಪಿನ್ನು. ಎಣ್ಣೆ ಬಿಟ್ಟ ಕಿವಿಗೆ ಬಿರಡೆ ಜಡಿದರೆ ಬೂಷ್ಟಿಗೆ ತೊಟ್ಟಿಲು ಕಟ್ಟಿಕೊಟ್ಟಂತೆ. ಕಿವಿ ಸೋರುವವರು, ತಮಟೆಯಲ್ಲಿ ತೂತಿರುವವರು, ಪದೇ ಪದೇ ತುರಿಕೆ ಬರುವವರು ಇನ್-ಇಯರ್ ಹತ್ತಿರವೂ ಸುಳಿಯಬಾರದು. ಅಣ್ಣ ತಮ್ಮ ಇಬ್ಬರೂ ಒಂದೇ ಜೊತೆಯನ್ನು ಹಂಚಿಕೊಳ್ಳುವ ಮನೆಗಳಿಗೂ ಅದು ತಕ್ಕುದಲ್ಲ. ಕಿವಿಯ ಹಿಂದೆ ಶ್ರವಣಯಂತ್ರ ಧರಿಸುವ ಹಿರಿಯರಿಗೆ, ಯಂತ್ರವನ್ನೂ ಸೇರಿಸಿ ಮುಚ್ಚಬಲ್ಲ ದೊಡ್ಡ ಬಟ್ಟಲೇ ಅನುಕೂಲ.

ದೊಡ್ಡದರ ದೋಷಗಳೂ ಇವೆ. ಎರಡು ಸಾವಿರದಲ್ಲಿ ಹೆಚ್ಚು ದುಡ್ಡು ಪಟ್ಟಿಗೆ, ಕೀಲಿಗೆ, ಮೆತ್ತೆಗೆ ಹೋಗುತ್ತದೆ. ಕೃತಕ ಚರ್ಮದ ಮೆತ್ತೆ ನಮ್ಮ ಬೆವರಿಗೆ ಸಿಪ್ಪೆ ಸುಲಿಯುತ್ತದೆ. ಸುಲಿದ ಮೇಲೆ ಗದ್ದಲ ತಡೆಯುವುದೂ ಅಷ್ಟಕ್ಕಷ್ಟೆ. ಬದಲಿ ಮೆತ್ತೆ ಸಿಗುವ ಮಾದರಿಯನ್ನೇ ಕೇಳಿ ಕೊಳ್ಳಬೇಕು. ಕನ್ನಡಕದ ಕಡ್ಡಿಯೂ ಸಂದು ಮಾಡುತ್ತದೆ. ಹಿಂಭಾಗ ಜಾಲರಿಯಂತಿರುವ 'ಓಪನ್ ಬ್ಯಾಕ್' ಹೆಡ್‌ಫೋನ್ ನಿಶ್ಶಬ್ದ ಕೋಣೆಯವರ ವೈಭೋಗ. ಮಂಡಿ ಮೊಹಲ್ಲಾದಲ್ಲಿ ಅದು ಕಿಟಕಿ ತೆರೆದಿಟ್ಟಂತೆ. ಗದ್ದಲವನ್ನು ವಿದ್ಯುನ್ಮಾನದಿಂದ ಅಳಿಸುವುದೆಂಬ ಹೆಗ್ಗಳಿಕೆಯೂ ಈ ಬೆಲೆಯಲ್ಲಿ ಫ್ಯಾನಿನ ಗುಂಯ್‌ಗುಡುವಿಕೆಗೆ ಸಾಕಾದೀತು, ಪಕ್ಕದ ಮನೆಯ ಜಗಳಕ್ಕೆ ಸಾಲದು.

ಇಷ್ಟು ಹೇಳಿದ ಮೇಲೂ, ಮನೆಯಲ್ಲಿ ಓದುವ ಮಗುವಿಗೆ ಒಂದೇ ಒಂದನ್ನು ಕೊಡಿಸುವುದಾದರೆ ನನ್ನ ಮತ ಮುಚ್ಚಿದ ಬೆನ್ನಿನ ದೊಡ್ಡ ಹೆಡ್‌ಫೋನಿಗೆ. ಡೆಸಿಬೆಲ್ ಲೆಕ್ಕದಲ್ಲಿ ಇನ್-ಇಯರ್ ಗೆದ್ದರೂ ಗಂಟೆಗಳ ಲೆಕ್ಕದಲ್ಲಿ ಅದು ಸೋಲುತ್ತದೆಂಬುದು ನನ್ನ ಅನುಭವ. ಚಿಕ್ಕದು ಹಾಕಿದ್ದೇ ಮರೆತುಹೋಗುತ್ತದೆ. ಊಟಕ್ಕೆ ಕುಳಿತಾಗಲೂ ಇರುತ್ತದೆ, ಹಾಸಿಗೆಯಲ್ಲೂ ಇರುತ್ತದೆ, ಹಾಡು ಕೇಳುತ್ತಲೇ ನಿದ್ದೆ ಹತ್ತಿ ರಾತ್ರಿಯಿಡೀ ನುಡಿಯುತ್ತದೆ. ದೊಡ್ಡದು ಒಂದು ಗಂಟೆಯಲ್ಲಿ ಬೆವರು ಹತ್ತಿಸುತ್ತದೆ, ತಲೆ ಒತ್ತುತ್ತದೆ, ತೆಗೆದಿಡದೆ ಗತಿಯಿಲ್ಲ. ತಯಾರಕರು ದೋಷವೆನ್ನುವ ಈ ಗುಣ ವೈದ್ಯರಿಗೆ ಪ್ರಿಯ. ಅಲ್ಲದೆ ಅದು ಕಣ್ಣಿಗೆ ಕಾಣುತ್ತದೆ: ಅಡಿಗೆಮನೆಯಿಂದ ತಾಯಿ ಇಣುಕಿದರೆ ತಲೆಯ ಮೇಲಿನ ಪಟ್ಟಿ ಕಂಡೀತು, ಜಡೆಯ ಹಿಂದಿನ ಬಿರಡೆ ಕಾಣದು. ಗದ್ದಲ ವಿಪರೀತವೆನಿಸಿದಾಗ ವಾಲ್ಯೂಮ್ ಏರಿಸುವ ಬದಲು ಹಿಂದಿನ ಕೋಣೆಗೆ ಹೋಗಲಿ, ಇಲ್ಲವೆ ಬೆಳಗಿನ ಜಾವ ಪಾಠ ಕೇಳಲಿ. ಫೋನಿನಲ್ಲಿ ವಾಲ್ಯೂಮಿಗೆ ಮಿತಿ ಹಾಕುವ ಸೌಲಭ್ಯವಿದ್ದರೆ ಕೊಂಡ ದಿನವೇ ಹಾಕಿಬಿಡಿ.

ದಿನವೂ ರೈಲಿನಲ್ಲಿ ಬೆಂಗಳೂರಿಗೆ ಓಡಾಡುವವರು, ಬಸ್ಸಿನಲ್ಲಿ ಕುಳಿತು ಕೇಳುವವರು, ಕಿವಿ ಆರೋಗ್ಯವಾಗಿದ್ದರೆ, ಧಾರಾಳವಾಗಿ ಇನ್-ಇಯರ್ ಕೊಳ್ಳಲಿ. ಟೋಪಿಯನ್ನು ವಾರಕ್ಕೊಮ್ಮೆ ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಲಿ. ರಸ್ತೆಯಲ್ಲಿ ನಡೆಯುವಾಗ, ಸ್ಕೂಟರ್ ಓಡಿಸುವಾಗ ಎರಡೂ ಬೇಡ. ಗದ್ದಲವನ್ನು ಚೆನ್ನಾಗಿ ತಡೆಯುವುದೆಂದರೆ ಹಿಂದಿನಿಂದ ಬರುವ ಲಾರಿಯ ಹಾರನ್ನನ್ನೂ ತಡೆಯುವುದೆಂದೇ ಅರ್ಥ.

ಈಗಾಗಲೇ ಹಾನಿಯಾಗಿದೆಯೇ ಎಂದು ತಿಳಿಯುವುದು ಹೇಗೆ? ಅತಿ ಶಬ್ದ ಮೊದಲು ಕೆಡಿಸುವುದು 4000 ಹರ್ಟ್ಸ್‌ನ ಸುತ್ತಮುತ್ತಲಿನ ಮೇಲುಸ್ತರವನ್ನು. ಸ್ವರಗಳು ಕೆಳಸ್ತರದಲ್ಲಿರುವುದರಿಂದ ಮಾತು ಕೇಳಿಸುತ್ತಲೇ ಇರುತ್ತದೆ, ವ್ಯಂಜನಗಳು ಮಸುಕಾಗುತ್ತವೆ. ಹಾಲು, ಪಾಲು, ಕಾಲು, ಸಾಲು ಎಲ್ಲ ಒಂದೇ ಆಗುತ್ತದೆ. 'ಕೇಳಿಸ್ತು, ಏನಂದ್ರಿ ಅಂತ ಗೊತ್ತಾಗಲಿಲ್ಲ' ಎಂದು ಮಗ ಪದೇ ಪದೇ ಹೇಳಿದರೆ ಉದಾಸೀನವೆಂದು ಗದರಿಸಬೇಡಿ. ಹೆಡ್‌ಫೋನ್ ತೆಗೆದ ಮೇಲೆ ಕಿವಿಯಲ್ಲಿ ಗುಂಯ್‌ಗುಟ್ಟುವುದು, ಕಿವಿ ಕಟ್ಟಿದಂತಾಗುವುದು ಕೂಡ ಎಚ್ಚರಿಕೆಯೇ. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಮಾತ್ರ ಎರಡು ದಿನ ನೋಡೋಣ ಎನ್ನದೆ ಅಂದೇ ಕಿವಿ ತಜ್ಞರಲ್ಲಿಗೆ ಹೋಗಬೇಕು. ಕೃಷ್ಣರಾಜೇಂದ್ರ ಆಸ್ಪತ್ರೆ ಮಂಡಿ ಮೊಹಲ್ಲಾಕ್ಕೆ ಕೂಗಳತೆಯಲ್ಲಿದೆ. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಸ್ಥಾಪನೆಯಾದದ್ದು. ದೇಶದ ಮೂಲೆಮೂಲೆಯಿಂದ ಜನ ಅಲ್ಲಿಗೆ ಬರುತ್ತಾರೆ, ಮೈಸೂರಿನವರಿಗೆ ಅದು ಆಟೋ ದೂರ. ಶ್ರವಣ ಪರೀಕ್ಷೆಗೆ ಸೂಜಿಯಿಲ್ಲ, ನೋವಿಲ್ಲ. ಸದ್ದಿಲ್ಲದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು, ಸಣ್ಣ ಸದ್ದು ಕೇಳಿದಾಗಲೆಲ್ಲ ಬೆರಳೆತ್ತಿದರಾಯಿತು.